ಎಸಿ ರಿಪೇರಿಯವನ ಮನೆಗೆ ಎಸಿ ಬೇಡ

ಬೇಸಿಗೆಯಲ್ಲಿ ನನಗೆ ನಗುವುದಕ್ಕೆ ಪುರುಸೊತ್ತಿರುವುದಿಲ್ಲ. ಆದರೆ ನಗು ಬರುವಂಥದ್ದೆಲ್ಲ ನಡೆಯುವುದೂ ಬೇಸಿಗೆಯಲ್ಲೇ. ಹಲಸೂರು ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಒಂದು ಶಟರಿನ ಅಂಗಡಿ ನನ್ನದು. ಫ್ಯಾನು, ಕೂಲರು, ಎಸಿ ರಿಪೇರಿ. ಇಪ್ಪತ್ತಾರು ವರ್ಷದ ಸರ್ವೀಸು. ಇಷ್ಟು ವರ್ಷದಲ್ಲಿ ಬೇಕಿಲ್ಲದ ಮನೆಗೆ ಎಸಿ ಹಾಕಿಸಿಕೊಳ್ಳಿ ಅಂತ ನಾನು ಒಬ್ಬರಿಗೂ ಹೇಳಿಲ್ಲ. ಮೊದಲು ಕಿಟಕಿ ನೋಡುತ್ತೇನೆ, ತಾರಸಿ ನೋಡುತ್ತೇನೆ, ಮೆಷಿನ್ನಿನ ಮುಖ ನೋಡುವುದು ಆಮೇಲೆ. ಹೀಗೆ ಕರೆಂಟ್ ಬಿಲ್ ಇಳಿದ ಮನೆಯವರು ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ನಿಲ್ಲಿಸಿ ಕಾಫಿ ಕುಡಿಸುತ್ತಾರೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಇದ್ದದ್ದನ್ನು ಹೇಳುವುದಕ್ಕೆ ನಾಚಿಕೆ ಯಾಕೆ?

ಈ ಜಂಬಕ್ಕೆ ಕುತ್ತು ಬಂದದ್ದು ನಮ್ಮ ಮನೆಯಿಂದಲೇ. ಕೆ.ಆರ್. ಪುರದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ ನಮ್ಮದು, ತಲೆಯ ಮೇಲೆ ನೇರ ತಾರಸಿ. ಹೆಂಡತಿ ಮುಂದಿನ ರೂಮಿನಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಮದುವೆ ರವಿಕೆ ಹೊಲಿಯುತ್ತಾಳೆ. ಈ ವರ್ಷ ಶಿವರಾತ್ರಿ ಕಳೆದ ವಾರವೇ ಒಬ್ಬ ಮದುಮಗಳ ರೇಷ್ಮೆ ರವಿಕೆಯ ಮೇಲೆ ಹೆಂಡತಿಯ ಹಣೆಯ ಬೆವರು ಬಿದ್ದು ಕಲೆಯಾಯಿತು. ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಅವಳು ಮೆತ್ತಗೆ ಮಾತಾಡಿದಳು.

"ರೀ, ಬಸವ ಜಯಂತಿವರೆಗೆ ಟೈಮ್ ಕೊಡ್ತೀನಿ. ಮಧ್ಯಾಹ್ನ ಮೂರು ಗಂಟೆಗೆ ಈ ರೂಮಲ್ಲಿ ಬೆವರದೆ ಕೂತು ಹೊಲಿಯೋ ಹಾಗಾಗ್ಬೇಕು. ಇಲ್ಲಾಂದ್ರೆ ನನ್ನ ಚೀಟಿ ದುಡ್ಡಲ್ಲಿ ಎಸಿ ತರಿಸ್ತೀನಿ."

"ತರಿಸು, ನಾನೇ ಫಿಟ್ ಮಾಡ್ತೀನಿ," ಅಂದೆ.

"ನೀವಲ್ಲ. ಕಲ್ಯಾಣ ನಗರದವನನ್ನ ಕರೆಸ್ತೀನಿ."

ನನ್ನ ಕೈಯಲ್ಲಿದ್ದ ಅನ್ನದ ತುತ್ತು ಅಲ್ಲೇ ನಿಂತಿತು. ಈ ಕಲ್ಯಾಣ ನಗರದವನು ಯಾರು ಅಂದರೆ, ಬೆನ್ನ ಮೇಲೆ 'ಕೂಲಿಂಗ್ ಸ್ಪೆಷಲಿಸ್ಟ್' ಅಂತ ಬರೆಸಿದ ಟೀ ಶರ್ಟ್ ಹಾಕಿಕೊಂಡು ಓಡಾಡುವ ಮೆಕ್ಯಾನಿಕ್. ಸೆಕೆ ಅಂದರೆ ಎಸಿ, ಸೊಳ್ಳೆ ಅಂದರೂ ಎಸಿ. ಅವನು ನನ್ನ ಮನೆಗೆ ಏಣಿ ತಂದು, ನನ್ನ ಗೋಡೆ ಕೊರೆದು ಎಸಿ ಕೂರಿಸಿದರೆ, ನಾಳೆಯಿಂದ ಹಲಸೂರಿನಲ್ಲಿ ನಾನು ಯಾವ ಮುಖ ಹೊತ್ತು ಶಟರ್ ಎತ್ತಲಿ?

೧. ಹೆಡ್‌ಮಿಸ್ಟ್ರೆಸ್ಸಿನ ಹಗ್ಗ

ಮಾರನೆಯ ದಿನವೇ ಕುಕ್ ಟೌನಿನ ಒಂದು ಹಳೇ ಬಂಗಲೆಯಿಂದ ಫೋನು. ಯಜಮಾನಿ ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಈಗಲೂ ಎದುರಿಗೆ ನಿಂತವರೆಲ್ಲ ಅವರಿಗೆ ಆರನೇ ಕ್ಲಾಸಿನವರೇ. "ಎಸಿ ಇಡೀ ದಿನ ಓಡುತ್ತೆ, ರೂಮ್ ಮಾತ್ರ ಬಿಸಿ. ಇದಕ್ಕಿಂತ ದೊಡ್ಡದು ತಗೊಳ್ಳಿ ಅಂತಿದ್ದಾರೆ. ನೀನೇನು ಹೇಳ್ತೀಯಾ? ಸ್ಪೀಕ್ ಅಪ್!"

ನಾನು ತಲೆಯೆತ್ತಿ ನೋಡಿದೆ. ಅಷ್ಟೆತ್ತರದ ಗೋಡೆ, ಅದರ ತುದಿಯಲ್ಲಿ ಗಾಳಿ ಆಡಲೆಂದೇ ಇಟ್ಟ ಗಾಜಿನ ಪುಟ್ಟ ಕಿಟಕಿ. ಅದರಿಂದ ಒಂದು ಹಗ್ಗ ಇಳಿಬಿದ್ದಿದೆ, ಹಗ್ಗದ ತುದಿಯಲ್ಲಿ ಹಿತ್ತಾಳೆ ಕುಂಡ, ಕುಂಡದಲ್ಲಿ ಮನಿ ಪ್ಲಾಂಟು.

"ಮೇಡಂ, ಈ ಹಗ್ಗ ಯಾಕಿದೆ?"

"ಗಿಡ ನೇತುಹಾಕೋಕೆ. ನಮ್ಮತ್ತೆ ಕಾಲದಿಂದ ಇದೆ. ಡೋಂಟ್ ಟಚ್!"

ನಾನು ಮುಟ್ಟಿದೆ. ಅದು ಕಿಟಕಿ ಮುಚ್ಚುವ ಹಗ್ಗ, ಕುಂಡದ ಭಾರಕ್ಕೆ ಕಿಟಕಿ ಅಷ್ಟು ವರ್ಷದಿಂದ ಬಿಗಿಯಾಗಿ ಮುಚ್ಚಿಕೊಂಡಿತ್ತು. ಕುಂಡ ಇಳಿಸಿ, ಬೀರುವಿನ ಹಿಂದೆ ಸಿಕ್ಕಿಬಿದ್ದಿದ್ದ, ಅದನ್ನು ತೆರೆಯುವ ಇನ್ನೊಂದು ಹಗ್ಗ ಎಳೆದೆ. ಕಿಟಕಿ ಕಿರ್ರ್ ಅಂತ ತೆರೆಯಿತು, ಅದರ ಜೊತೆಗೆ ಪಾರಿವಾಳಗಳ ಎಷ್ಟೋ ತಲೆಮಾರಿನ ಸಂಸಾರ ನನ್ನ ತಲೆಯ ಮೇಲೆ ಬಿತ್ತು. ಕಡ್ಡಿ, ಪುಕ್ಕ, ಇನ್ನೇನೇನೋ. "ಹೋಗಿ ತಲೆ ತೊಳ್ಕೊಂಡು ಬಾ, ಆಮೇಲೆ ಮಾತು," ಅಂದರು ಮೇಡಂ.

ತೊಳೆದು ಬಂದು ಪಾಠ ಹೇಳಿದೆ. ಬಿಸಿ ಗಾಳಿ ಮೇಲಕ್ಕೇರುತ್ತೆ, ಅದಕ್ಕೆ ಹೋಗೋಕೆ ಮೇಲೊಂದು ದಾರಿ ಬೇಕು. ಸಂಜೆಯಿಂದ ಬೆಳಗಿನವರೆಗೆ ಎಲ್ಲ ತೆಗೆದಿಡಿ, ಬಿಸಿಲು ಏರುವ ಹೊತ್ತಿಗೆ ಕೆಳಗಿನ ಕಿಟಕಿ ಮುಚ್ಚಿ, ಪರದೆ ಎಳೀರಿ. ಅವರು ಆ ಪಾಠವನ್ನು ನನ್ನಿಂದಲೇ ಎರಡು ಸಲ ಒಪ್ಪಿಸಿಕೊಂಡು ಕಳುಹಿಸಿದರು.

ಒಂದು ತಿಂಗಳ ಮೇಲೆ ಆ ಕಡೆ ಹೋದಾಗ ಒಳಗೆ ಇಣುಕಿದೆ. ರೂಮು ತಣ್ಣಗಿತ್ತು, ಎಸಿ ಆಫ್ ಆಗಿತ್ತು, ಎಸಿಯ ಪೈಪಿಗೆ ಮನಿ ಪ್ಲಾಂಟಿನ ಕುಂಡ ನೇತಾಡುತ್ತಿತ್ತು.

"ಏನ್ ಮೇಡಂ ಇದು?" ಅಂದೆ.

"ಅಷ್ಟು ದುಡ್ಡು ಕೊಟ್ಟು ತಂದಿದ್ದೀನಪ್ಪಾ, ಏನಾದ್ರೂ ಉಪಯೋಗಕ್ಕೆ ಬರ್ಬೇಡ್ವಾ?"

೨. ನಾಯಿಗೂ ಸ್ವೆಟರ್

ಕುಕ್ ಟೌನಿನ ಕಥೆಯನ್ನು ಆ ಹಗ್ಗ ಎಳೆದ ದಿನ ಸಂಜೆಯೇ ಮನೆಯಲ್ಲಿ ಹೇಳಿದ್ದೆ. ನನ್ನದೊಂದು ಅಭ್ಯಾಸ, ದಿನದ ಗೆಲುವನ್ನೆಲ್ಲ ಹೆಂಡತಿಗೆ ವರದಿ ಮಾಡದಿದ್ದರೆ ಊಟ ಇಳಿಯುವುದಿಲ್ಲ. ಅವಳು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ, "ಮನೆಗೆ ಮಾರಿ, ಊರಿಗೆ ಉಪಕಾರಿ," ಅಂದಳು. ನಾನು ಎದ್ದು ಟಾರ್ಚ್ ಹಿಡಿದು ನೋಡಿದರೆ, ನಮ್ಮ ಮನೆಯ ಬಾಗಿಲ ಮೇಲಿನ ಕಿಂಡಿಗೆ ಸೊಳ್ಳೆ ಬರುತ್ತವೆಂದು ನಾನೇ ಯಾವತ್ತೋ ರಟ್ಟು ಅಂಟಿಸಿದ್ದೆ. ದೀಪದ ಬುಡದಲ್ಲೇ ಕತ್ತಲೆ. ರಟ್ಟು ಕಿತ್ತು ಜಾಲರಿ ಹೊಡೆದೆ. ಅವಳಿಗೆ ಕಾರಣ ಹೇಳಲಿಲ್ಲ.

ಆ ವಾರ ಕಲ್ಯಾಣ ನಗರದಿಂದಲೇ ಒಂದು ಕರೆ. ಫೋನು ಮಾಡಿದ ಗೃಹಿಣಿಯ ಹಲ್ಲು ಕಟಕಟ ಅನ್ನುವುದು ನನಗೆ ಇಲ್ಲಿಗೇ ಕೇಳಿಸಿತು. "ಅಣ್ಣಾ, ಚಳಿ ತಡೆಯೋಕಾಗ್ತಿಲ್ಲ, ಬೇಗ ಬನ್ನಿ."

ಹೊರಗೆ ರಸ್ತೆಯ ಟಾರು ಚಪ್ಪಲಿಗೆ ಅಂಟುವಂಥ ಬಿಸಿಲು. ಒಳಗೆ ಹೋದರೆ ಗಂಡ ರಜಾಯಿ ಹೊದ್ದು ಲ್ಯಾಪ್‌ಟಾಪ್ ಮುಂದೆ, ಮಾವನವರು ಮಂಕಿ ಕ್ಯಾಪಿನಲ್ಲಿ, ಸೋಫಾದ ಮೇಲೆ ನಾಯಿ ಸ್ವೆಟರಿನಲ್ಲಿ. ಒಂದು ಮಂಚ ಒಂದು ಬೀರು ಹಿಡಿಸುವ ರೂಮಿಗೆ ನಮ್ಮ ಸ್ಪೆಷಲಿಸ್ಟು ಛತ್ರಕ್ಕೆ ಸಾಲುವಂಥ ಎಸಿ ತಗುಲಿಸಿದ್ದ. ಹದಿನಾರು ಡಿಗ್ರಿಗೆ ಇಟ್ಟು ಹೋಗಿದ್ದ. ರಿಮೋಟ್ ಕೆಲಸ ಮಾಡುತ್ತಿರಲಿಲ್ಲ.

"ಗೋಡೆ ಸ್ವಿಚ್ ಆಫ್ ಮಾಡ್ಬೇಕಿತ್ತಲ್ಲಮ್ಮಾ?"

"ಮುಟ್ಟಿದ್ರೆ ಗ್ಯಾಸ್ ಹೊರಟೋಗುತ್ತೆ ಅಂತ ಹಾಕಿದೋರು ಹೇಳಿದ್ರು. ಎರಡು ದಿನದಿಂದ ಹೀಗೇ ಇದ್ದೀವಿ."

ಸ್ವಿಚ್ ಆರಿಸಿದೆ. ರಿಮೋಟಿನ ಸೆಲ್ಲು ಬದಲಿಸಿ, ಇಪ್ಪತ್ತಾರಕ್ಕೆ ಇಟ್ಟು, ಮೇಲಿನ ಫ್ಯಾನನ್ನು ಎರಡರಲ್ಲಿ ತಿರುಗಿಸಿದೆ. ಇಷ್ಟೇ ಸಾಕು, ಬಿಲ್ಲೂ ಇಳಿಯುತ್ತೆ ಅಂದೆ. ರಜಾಯಿ ಮಡಿಚಿದರು, ಮಂಕಿ ಕ್ಯಾಪ್ ಇಳಿಯಿತು, ಎಲ್ಲರೂ ಥ್ಯಾಂಕ್ಸ್ ಹೇಳಿದರು. ನಾಯಿಯೊಂದೇ ಗೇಟಿನವರೆಗೂ ನನ್ನನ್ನು ಬೊಗಳಿಕೊಂಡು ಬಂತು. ಅದಕ್ಕೆ ಸ್ವೆಟರ್ ಬಿಚ್ಚಿಸಿದ್ದು ಇಷ್ಟವಾಗಿರಲಿಲ್ಲ.

೩. ಉಪವಾಸದ ಕೂಲರ್

ಇದರಲ್ಲಿ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಶಿವಾಜಿನಗರದಲ್ಲಿ ಬಳೆ ಅಂಗಡಿ ಇಟ್ಟಿರುವ ಭಾಯ್ ಒಬ್ಬರು ನನ್ನ ಹಳೇ ಗಿರಾಕಿ, ಮನೆ ಅಂಗಡಿಯ ಮೇಲೇ. ರಂಜಾನ್ ಈ ಸಲ ಸೆಕೆಗಾಲಕ್ಕೇ ಬಂದಿತ್ತು. ಎಸಿ ಬೇಡ, ಒಂದು ಕೂಲರ್ ಸಾಕು ಅಂತ ನಾನೇ ಕೊಡಿಸಿದ್ದೆ. ಅವರು ತಂಪು ಹೊರಗೆ ಹೋಗಬಾರದೆಂದು ಕಿಟಕಿ ಬಾಗಿಲು ಮುಚ್ಚಿ ನಡುಮನೆಯಲ್ಲಿ ಇಟ್ಟುಕೊಂಡು, ಮೈಯೆಲ್ಲ ಅಂಟಂಟು ಅಂತ ಫೋನು ಮಾಡಿದರು.

"ಭಾಯ್, ಕೂಲರ್ ಬೆನ್ನು ಕಿಟಕೀಗಿಡಿ. ಅದಕ್ಕೆ ಹೊರಗಿನ ಗಾಳಿ ಬೇಕು, ಎದುರು ಬಾಗಿಲು ಸ್ವಲ್ಪ ತೆಗೀರಿ," ಅಂದೆ ಫೋನಿನಲ್ಲೇ, ದೊಡ್ಡ ಡಾಕ್ಟರಂತೆ.

ಮಾರನೆಯ ದಿನ ಮಧ್ಯಾಹ್ನ ಮೂರೂವರೆಗೆ ಮತ್ತೆ ಫೋನು. "ಭಾಯ್, ಜಲ್ದಿ ಆವೋ!"

ಓಡಿದೆ. ಮನೆ ತಣ್ಣಗೆ ಹಾಯಾಗಿದೆ. ಭಾಯ್ ಮಾತ್ರ ತಲೆ ಮೇಲೆ ಕೈ ಹೊತ್ತು ಮೂಲೆಯಲ್ಲಿ ಕೂತಿದ್ದಾರೆ. ನಾನು ಒಂದು ಉಸಿರು ಎಳೆದುಕೊಂಡೆ, ಎಲ್ಲ ಅರ್ಥವಾಯಿತು. ಆ ಕಿಟಕಿಯ ಕೆಳಗಿನ ಗಲ್ಲಿಯಲ್ಲಿ ಸಂಜೆ ಇಫ್ತಾರಿಗೆಂದು ಮೂರು ಗಂಟೆಯಿಂದಲೇ ಸಮೋಸಾ, ಕಬಾಬು ಕರಿಯಲು ಶುರು. ಕೂಲರ್ ಆ ಗಲ್ಲಿಯ ಪರಿಮಳವನ್ನೆಲ್ಲ ಒಂದು ಚೂರೂ ಬಿಡದೆ ಎಳೆದು, ತಣ್ಣಗೆ ಮಾಡಿ, ರೋಜಾ ಉಪವಾಸ ಹಿಡಿದಿದ್ದ ಮನುಷ್ಯನ ಮೂಗಿಗೇ ಊದುತ್ತಿತ್ತು.

"ಠಂಡಾ ನಕ್ಕೋ ಭಾಯ್, ತಂಪೇ ಬೇಡ," ಅಂದರು ಕೈ ಮುಗಿದು. "ಸೆಕೆ ತಡ್ಕೋತೀನಿ. ಸಮೋಸಾ ತಡ್ಕೊಳ್ಳೋಕಾಗಲ್ಲ."

ಹಿಂದುಗಡೆ ಬೇವಿನ ಮರದ ಕಡೆ ಇನ್ನೊಂದು ಕಿಟಕಿ ಇತ್ತು. ಕೂಲರನ್ನು ಅಲ್ಲಿಗೆ ಎಳೆದೆ. ಗಾಳಿ ಇನ್ನೂ ತಂಪಾಯಿತು, ವಾಸನೆ ನಿಂತಿತು. ಭಾಯ್ ನನಗೆ ದುವಾ ಮಾಡಿದರು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಮತ್ತೆ ಅವರದೇ ಫೋನು.

"ಭಾಯ್, ರೋಜಾ ಬಿಟ್ಟಾಯ್ತು. ಈಗ ಕೂಲರ್ ವಾಪಸ್ ಆ ಕಿಟಕೀಗಿಟ್ರೆ ಏನಾದ್ರೂ ತೊಂದ್ರೆನಾ?"

೪. ತಗಡಿನ ಮೇಲೆ ಗೋಣಿಚೀಲ

ಕಲಿಸುವುದರಲ್ಲಿ ನಾನು ಗಟ್ಟಿಗ, ಕಲಿಯುವುದರಲ್ಲೂ ಕಮ್ಮಿಯಿಲ್ಲ. ದೊಡ್ಡನೆಕ್ಕುಂದಿಯಲ್ಲಿ ಫ್ಯಾಕ್ಟರಿಗಳ ಹಿಂದೆ ತಗಡು ಹೊದಿಸಿದ ಬಾಡಿಗೆ ರೂಮುಗಳ ಸಾಲು. ಅಲ್ಲಿ ರಾಯಚೂರು ಕಡೆಯ ಒಬ್ಬ ಹೆಂಗಸಿನ ಮನೆಗೆ ಫ್ಯಾನು ನೋಡಲು ಹೋದೆ. ಒಳಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ. ಅಕ್ಕಪಕ್ಕದ ರೂಮುಗಳು ಕಾದ ಹಂಚು, ಈ ರೂಮು ಮಾತ್ರ ಹಿತವಾಗಿದೆ. ಫ್ಯಾನು ಕೆಟ್ಟಿದೆ, ಆದರೂ ಹಿತವಾಗಿದೆ!

"ಅಕ್ಕಾ, ಏನ್ ಮಾಡಿದ್ದೀರಾ?" ಅಂತ ಕೇಳುವಷ್ಟರಲ್ಲಿ ಮನೆ ಮಾಲೀಕರು ಅಬ್ಬರಿಸಿಕೊಂಡು ಬಂದರು. "ನೋಡ್ರೀ, ತಗಡಿನ ಅಂಚಿಂದ ನೀರು ತೊಟ್ಟಿಕ್ತಿದೆ! ನನ್ನ ಟ್ಯಾಂಕ್ ಒಡೆದಿದೆ! ನೀರಿಲ್ಲದ ಕಾಲದಲ್ಲಿ!"

ಏಣಿ ನನ್ನ ಹತ್ತಿರವೇ ಇತ್ತು. ಮಾಲೀಕರು ಹತ್ತಿದರು, ಹಿಂದೆ ನಾನು. ಟ್ಯಾಂಕಿಗೆ ಏನೂ ಆಗಿರಲಿಲ್ಲ. ತಗಡಿನ ಮೇಲೆ ಎರಡು ಪದರ ಗೋಣಿಚೀಲ ಹಾಸಿ, ಬಟ್ಟೆ ಜಾಲಿಸಿದ ನೀರನ್ನು ಚಿಮುಕಿಸಿದ್ದರು. ಅದು ಸರಿ. ಆದರೆ ಗೋಣಿಚೀಲದ ತುಂಬಾ ಗೇಣುದ್ದ ಹಸಿರು ಪೈರು ಎದ್ದು ನಿಂತಿತ್ತು.

"ಏನಮ್ಮಾ ಇದು?" ಮಾಲೀಕರು ಮೇಲಿಂದಲೇ ಕೂಗಿದರು.

"ಊರಿಂದ ಜ್ವಾಳದ ಚೀಲ ತಂದಿದ್ವಿರಿ," ಅಕ್ಕ ಕೆಳಗಿನಿಂದ ಶಾಂತವಾಗಿ ಹೇಳಿದಳು. "ಖಾಲಿ ಆದ ಮ್ಯಾಲೆ ಚೀಲ ಹಾಸೀವಿ. ಮೂಲ್ಯಾಗ ಉಳದ ಕಾಳು ಮೊಳಕಿ ಒಡದಾವ. ನಾವೇನ್ ಬಿತ್ತಿಲ್ರಿ."

"ಇದು ನನ್ನ ಮನೆ! ಇಲ್ಲಿ ವ್ಯವಸಾಯ ಮಾಡೋ ಹಾಗಿಲ್ಲ!"

"ಮಾಡಂಗಿಲ್ರಿ ಬಿಡ್ರಿ," ಅಂದಳು ಅಕ್ಕ. "ಮನಿ ನಿಮ್ದು. ಇದೊಂದ್ ಬೆಳಿ ಮಾತ್ರ ನಮ್ದರಿ."

೫. ಅಜ್ಜಿಯ ಸಂಡಿಗೆ

ಎಲ್ಲರಿಂದಲೂ ಒಂದೊಂದು ಕಲಿತು ಈಗ ನನ್ನ ತಾರಸಿಗೆ ಕೈ ಹಾಕಿದೆ. ನೀರು ಎರಚಿ ಹಾಳು ಮಾಡುವುದು ಬೇಡವೆಂದು ಸುಣ್ಣಕ್ಕೆ ಅಂಟು ಕಲಸಿ ಒಂದು ಭಾನುವಾರ ಇಡೀ ತಾರಸಿಗೆ ಎರಡು ಕೋಟು ಬಳಿದೆ. ಬಿಳಿ ಬಣ್ಣ ಬಿಸಿಲನ್ನು ಬಂದ ದಾರಿಗೇ ಕಳಿಸುತ್ತೆ. ಮಧ್ಯಾಹ್ನ ಒಂದು ಗಂಟೆಗೆ ಬರಿಗಾಲಲ್ಲಿ ನಡೆದೆ, ಅಂಗಾಲು ಸುಡಲಿಲ್ಲ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಬಿದಿರ ತಟ್ಟಿ ಕಟ್ಟಿದೆ. ಹೆಂಡತಿಯ ರೂಮಿನ ಸೂರು ಮುಟ್ಟಿದರೆ ಮೊದಲಿನ ಕಾವಿಲ್ಲ. ಅವಳು ಮಾತ್ರ ಬೆವರು ಒರೆಸುವುದಕ್ಕೆ ಹೆಗಲ ಮೇಲೆ ಕರ್ಚೀಫು ಇಟ್ಟುಕೊಳ್ಳುವುದನ್ನು ಬಿಡಲಿಲ್ಲ.

ಒಂದು ವಾರದ ಮೇಲೆ ಕೆಳಗಿನ ಮನೆಯಿಂದ ನಮ್ಮ ಮನೆ ಮಾಲೀಕರ ತಾಯಿ, ನಾವೆಲ್ಲ ಅಜ್ಜಿ ಅನ್ನುವವರು, ಮೂರು ಮಹಡಿ ಹತ್ತಿ ಬಂದರು. ಕೈಯಲ್ಲಿ ಒಂದು ಸಂಡಿಗೆ.

"ಇದುನ್ನ ಮುರಿಯಪ್ಪ," ಅಂದರು.

ಮುರಿದೆ. ಮುರಿಯಲಿಲ್ಲ, ಬಗ್ಗಿತು.

"ನಾಕ್ ದಿನ ಆಯ್ತು ಇಟ್ಟು. ಪ್ರತಿ ವರ್ಸ ಎಲ್ಡೇ ದಿನುಕ್ಕೆ ಗರಿಗರಿ ಒಣುಗ್ತಿತ್ತು. ಬಿಸ್ಲುನ್ನೇ ಕೆಡಿಸ್ಬುಟ್ಯಲ್ಲಪ್ಪ! ಸುಣ್ಣ ಎಲ್ಲಾ ಕೆರ್ದಾಕು."

ಸುಣ್ಣ ಕೆರೆದರೆ ರೂಮು ಮತ್ತೆ ಕಾವಲಿ, ಗೋಡೆಗೆ ಕಲ್ಯಾಣ ನಗರದವನ ಡ್ರಿಲ್ಲು. ಅಜ್ಜಿಯ ಮಾತು ಮಾಲೀಕರೂ ಮೀರುವವರಲ್ಲ. ಹಾಗಂತ ಅಜ್ಜಿ ಹೇಳುವುದೂ ಸುಳ್ಳಲ್ಲ. ಇಡೀ ಬೀದಿ ಬೈಯುವ ಆ ತಾರಸಿಯ ಕಾವನ್ನೇ ನಂಬಿಕೊಂಡು ಅವರು ವರ್ಷದ ಹಪ್ಪಳ ಸಂಡಿಗೆ ಮಾಡುವವರು. ತಣ್ಣಗೆ ಮಾಡುವ ಭರದಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ.

"ಅಜ್ಜಿ, ಒಂದು ದಿನ ಟೈಮ್ ಕೊಡಿ," ಅಂದೆ.

ಗುಜರಿಯಿಂದ ಹಳೇ ಕಬ್ಬಿಣದ ಬೀರುವಿನ ಎರಡು ಬಾಗಿಲು ತಂದೆ. ಬಿಸಿಲು ಹೀರಲಿ ಅಂತ ಕಪ್ಪು ಬಣ್ಣ ಹೊಡೆದು, ಬಣ್ಣ ಒಣಗಿದ ಮೇಲೆ ನೀರಿನ ಟ್ಯಾಂಕಿನ ಪಕ್ಕ ಇಟ್ಟಿಗೆಯ ಮೇಲೆ ಇಟ್ಟು, ತೆಳ್ಳನೆಯ ಬಟ್ಟೆ ಹಾಸಿಕೊಟ್ಟೆ. ಅಜ್ಜಿ ಮೂತಿ ತಿರುವಿಕೊಂಡೇ ಸಂಡಿಗೆ ಇಟ್ಟರು. ಮಾರನೆಯ ಸಂಜೆ ನಮ್ಮ ಬಾಗಿಲಲ್ಲಿ ನಿಂತು ಒಂದು ಸಂಡಿಗೆ ತೆಗೆದು ಪಟ್ ಅಂತ ಮುರಿದರು. ಸಂಗೀತ ಕೇಳಿದ ಹಾಗಾಯಿತು ನನಗೆ.

"ನಿನ್ ಗಂಡ ಬಿಸ್ಲುನ್ನೂ ರಿಪೇರಿ ಮಾಡ್ತಾನೆ ಕಣಮ್ಮ," ಅಂದರು ನನ್ನ ಹೆಂಡತಿಗೆ. "ಸದ್ಯ, ಬಿಲ್ ಕೇಳ್ದಿದ್ರೆ ಸಾಕು."

೬. ಬಸವ ಜಯಂತಿ

ಆ ದಿನ ಅಂಗಡಿ ಅರ್ಧ ದಿನಕ್ಕೇ ಮುಚ್ಚಿದೆ. ಮೂರು ಗಂಟೆಗೆ ಮನೆಯಲ್ಲಿರಬೇಕು, ಅವಳ ಬಾಯಿಂದ ತೀರ್ಪು ಕೇಳಬೇಕು. ಬೀದಿಯ ತಿರುವು ದಾಟಿದೆ. ನಮ್ಮ ಗೇಟಿನ ಮುಂದೆ ಸ್ಕೂಟರು. ಸ್ಕೂಟರಿನ ಮೇಲೆ 'ಕೂಲಿಂಗ್ ಸ್ಪೆಷಲಿಸ್ಟ್' ಅಂತ ಸ್ಟಿಕ್ಕರು.

ಆಗಿಹೋಯಿತು ಅಂದುಕೊಂಡೆ. ಗಡುವು ಮುಗಿಯುವವರೆಗೂ ಕಾಯಲಿಲ್ಲವಲ್ಲ ಇವಳು! ಮೂರು ಮಹಡಿಯನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಬಾಗಿಲ ಬಳಿ ಅವನ ಡ್ರಿಲ್ಲು, ಅಳತೆ ಟೇಪು ಬಿದ್ದಿದ್ದವು. ಡ್ರಿಲ್ಲಿನ ಸದ್ದು ಮಾತ್ರ ಇಲ್ಲ. ಹೊಲಿಗೆ ಮೆಷಿನ್ನಿನ ಸದ್ದಷ್ಟೇ.

ಇಣುಕಿದೆ. ಹೆಂಡತಿ ಅರಿಶಿನ ಬಣ್ಣದ ರೇಷ್ಮೆ ರವಿಕೆ ಹೊಲಿಯುತ್ತಿದ್ದಾಳೆ. ಚಾಪೆಯ ಮೇಲೆ, ಗೋಡೆಗೆ ಒರಗಿ, ಬಾಯಿ ತೆರೆದು, ಕಲ್ಯಾಣ ನಗರದ ಸ್ಪೆಷಲಿಸ್ಟು ಗಾಢ ನಿದ್ದೆಯಲ್ಲಿದ್ದಾನೆ.

"ಶ್! ಎಬ್ಬಿಸ್ಬೇಡಿ," ಅಂದಳು ಪಿಸುದನಿಯಲ್ಲಿ. "ಅಳತೆ ತಗೊಳ್ಳೋಕೆ ಇವತ್ತು ಬಾ ಅಂತ ಸುಣ್ಣ ಬಳಿಯೋಕೆ ಮುಂಚೆನೇ ಹೇಳಿದ್ದೆ. ಆಮೇಲೆ ಬೇಡ ಅನ್ನೋಕೆ ಮರ್ತೋಯ್ತು. ಬಿಸಿಲಲ್ಲಿ ಬಂದ, ಮಜ್ಜಿಗೆ ಕೊಟ್ಟೆ, ಒಂದ್ ನಿಮಿಷ ಕೂತ್ಕೋತೀನಕ್ಕಾ ಅಂದ. ಅಷ್ಟೇ."

ಗಡಿಯಾರದಲ್ಲಿ ಮೂರೂ ಹತ್ತು. ನಾನು ಅವಳ ಹಣೆ ನೋಡಿದೆ, ಒಣಗಿತ್ತು. ಹೆಗಲ ಮೇಲಿನ ಕರ್ಚೀಫು ನೋಡಿದೆ. ಬೆಳಿಗ್ಗೆ ಇಸ್ತ್ರಿ ಮಾಡಿ ಇಟ್ಟುಕೊಂಡ ಮಡಿಕೆ ಹಾಗೇ ಇತ್ತು, ಬಿಚ್ಚಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಮನೆ ತಣ್ಣಗೆ ಮಾಡಿದ್ದೇನೆ, ಎಷ್ಟೋ ಜನ ಹೊಗಳಿದ್ದಾರೆ. ಆ ಮಡಿಕೆ ಮುರಿಯದ ಕರ್ಚೀಫು ನೋಡಿ ಆದಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿಲ್ಲ.

ಅಷ್ಟರಲ್ಲಿ ಅವನಿಗೆ ಎಚ್ಚರವಾಯಿತು. ಗಾಬರಿಯಿಂದ ಎದ್ದು ಕೂತ. ತೋಳು ಸವರಿಕೊಂಡ. ನಾಲ್ಕೂ ಗೋಡೆ ನೋಡಿದ, ಬಾಗಿಲ ಮೇಲೆ ನೋಡಿದ, ಬೀರುವಿನ ಹಿಂದೆ ಬಗ್ಗಿ ನೋಡಿದ. ಆಮೇಲೆ ಬೇಜಾರಿನಿಂದ ಕೇಳಿದ.

"ಏನಕ್ಕಾ, ನನ್ನನ್ನ ಬಾ ಅಂತ ಹೇಳಿ ಬೇರೆಯವ್ರ ಹತ್ರ ಎಸಿ ಹಾಕಿಸ್ಬಿಟ್ಟಿದ್ದೀರಲ್ಲ! ಎಲ್ಲಿಟ್ಟಿದ್ದೀರಾ, ಕಾಣ್ತಾನೇ ಇಲ್ಲ? ಯಾವ ಕಂಪನೀದಕ್ಕಾ, ಒಂಚೂರೂ ಸೌಂಡೇ ಇಲ್ವಲ್ಲ?"

ನನ್ನ ಹೆಂಡತಿ ದಾರ ಹಲ್ಲಲ್ಲಿ ಕತ್ತರಿಸಿ, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು.

"ಹಲಸೂರು ಕಂಪನೀದಪ್ಪಾ," ಅಂದಳು. "ಸೌಂಡಿಲ್ಲ ಅಂತ ಮಾತ್ರ ಅನ್ಬೇಡ. ಸಂಜೆ ಊಟಕ್ಕೆ ಕೂತಾಗ ಶುರುವಾದ್ರೆ, ಮಲಗೋವರೆಗೂ ನಿಲ್ಲಲ್ಲ."